ಕುಪ್ಪುಸ್ವಾಮಿಯ ಓಡುವ ಮೆಷೀನು

ಗಾಳಿ ಎದ್ದರೆ ಕೋರಮಂಡಲ್‌ನ ಮುಚ್ಚಿದ ಚಿನ್ನದ ಗಣಿಯ ಶಾಫ್ಟಿನ ಶೆಡ್ಡಿನಲ್ಲಿ ಸಡಿಲಾದ ತಗಡೊಂದು ಬಡಿಯುತ್ತದೆ. ಒಮ್ಮೊಮ್ಮೆ ಒಂದೇ ಪೆಟ್ಟು, ಒಮ್ಮೊಮ್ಮೆ ಎರಡು. ಲೈನ್ ಮನೆಗಳ ಜನಕ್ಕೆ ಅದು ಕೇಳಿಸುವುದೇ ನಿಂತುಹೋಗಿದೆ. ಕುಪ್ಪುಸ್ವಾಮಿಗೆ ಮಾತ್ರ ಇನ್ನೂ ಕೇಳಿಸುತ್ತದೆ. ನಿಂತ ಕೇಜಿಗೆ ಎರಡು ಪೆಟ್ಟು ಬಿದ್ದರೆ ಕೆಳಗಿಳಿಸು, ಓಡುವ ಕೇಜಿಗೆ ಒಂದು ಪೆಟ್ಟು ಬಿದ್ದರೆ ನಿಲ್ಲಿಸು. ಗಣಿಯ ಬಾಯಲ್ಲಿ ನಿಂತವನು ಗಂಟೆ ಬಾರಿಸುತ್ತಿದ್ದ. ಈತ ಎಂಜಿನ್ ಮನೆಯಲ್ಲಿ ಲಿವರ್ ಹಿಡಿದು ಕೇಳಿಸಿಕೊಳ್ಳುತ್ತಿದ್ದ.

ಎಂಜಿನ್ ಮನೆಯಿಂದ ಕೇಜು ಕಾಣುತ್ತಿರಲಿಲ್ಲ. ಜನರನ್ನು ತುಂಬಿಕೊಂಡು ನೆಲದೊಳಕ್ಕೆ ಇಳಿಯುವ ಆ ಕಬ್ಬಿಣದ ಗೂಡು ಎಲ್ಲಿದೆಯೆಂದು ಎದುರಿನ ದೊಡ್ಡ ಮುಳ್ಳು ಹೇಳಬೇಕು, ಹಗ್ಗದ ಸದ್ದು ಹೇಳಬೇಕು, ಲಿವರ್ ಹಿಡಿದ ಅಂಗೈ ಹೇಳಬೇಕು. ಹೀಗೆ ಕಾಣದ್ದನ್ನು ಕೈಯಲ್ಲಿ ಹಿಡಿದು ಬದುಕಿದ್ದ ಮನುಷ್ಯ ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ಗೋದಾಮೊಂದರ ಬಾಗಿಲಲ್ಲಿ ಕಾವಲು ಕೂತ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬಂದ. ಮೊಣಕಾಲು ಒಲ್ಲೆನೆಂದ ಮೇಲೆ ಅದನ್ನೂ ಬಿಟ್ಟ. ಬಿಡದೆ ಉಳಿದದ್ದು ಚೆಸ್ ಒಂದೇ.

ಕೋರಮಂಡಲ್‌ಗೂ ಪಕ್ಕದ ಗಣಿ ಮೈಸೂರು ಮೈನ್ಸ್‌ಗೂ ನಡುವಿನ ಶನಿವಾರದ ಪಂದ್ಯ ಗಣಿ ನಡೆಯುತ್ತಿದ್ದ ಕಾಲದ್ದು. ಆಗ ಆಡುತ್ತಿದ್ದ ರೀಡಿಂಗ್ ರೂಮಿನ ಸೂರು ಈಗ ಕುಸಿದಿದೆ. ಎರಡೂ ಕಡೆಯವರು ಮಾರಿಯಮ್ಮನ ಟೀ ಅಂಗಡಿಯ ಬೆಂಚುಗಳ ಮೇಲೆ ಎದುರೆದುರು ಕೂರುತ್ತಾರೆ. ಆದರೆ ನಡುವೆ ಹಲಗೆಯಿಲ್ಲ, ಕಾಯಿಗಳಿಲ್ಲ. ಎಲ್ಲರ ಕೈಯಲ್ಲೂ ಫೋನು. ಮುಟ್ಟಿದ ಕಾಯಿಯನ್ನು ನಡೆಸಲಿಲ್ಲವೆಂದು, ಗಡಿಯಾರ ಒತ್ತಲು ಮರೆತರೆಂದು ಹಿಂದೆ ಎದ್ದ ಜಗಳಗಳು ಮದುವೆ ಮನೆಗಳ ಪಂಕ್ತಿಯವರೆಗೂ ಹೋಗಿದ್ದವು. ಈಗ ಹೊತ್ತಿನ ಲೆಕ್ಕ ಫೋನಿನದು, ಅದರೊಡನೆ ಜಗಳ ಮಾಡಲು ಯಾರಿಗೂ ಬಾಯಿಲ್ಲ. ಒಬ್ಬೊಬ್ಬರಿಗೆ ಕೆಲವೇ ನಿಮಿಷ. ಹೊತ್ತು ಮುಗಿದರೆ, ಆಟ ಎಷ್ಟೇ ಚೆನ್ನಾಗಿದ್ದರೂ ಸೋಲು.

ಮೊದಲನೇ ಬೋರ್ಡು ಎಂದರೆ ತಂಡದ ಗಟ್ಟಿ ಆಟಗಾರ ಕೂರುವ ಜಾಗ. ಕೋರಮಂಡಲ್ ಕಡೆ ಆ ಜಾಗ ಕುಪ್ಪುಸ್ವಾಮಿಯದು. ಆ ಕಡೆಯಿಂದ ರಾಮಚಂದ್ರಪ್ಪ, ಗಣಿಯಲ್ಲಿ ಮರಗೆಲಸ ಮಾಡಿಕೊಂಡಿದ್ದವನು. ತಲೆ ನರೆತ ಮೇಲೂ ಇಬ್ಬರೂ ಒಬ್ಬರನ್ನೊಬ್ಬರು ಏಕವಚನದಲ್ಲೇ ಬೈದುಕೊಳ್ಳುತ್ತಾರೆ.

ಆ ಶನಿವಾರ ಕುಪ್ಪುಸ್ವಾಮಿ ಗೆಲ್ಲುತ್ತಿದ್ದ. ಆನೆಯನ್ನು ಒಂದು ಮನೆ ಮುಂದಿಟ್ಟರೆ ರಾಮಚಂದ್ರಪ್ಪನ ರಾಜನಿಗೆ ದಾರಿಯಿರಲಿಲ್ಲ. ಬೆರಳಿಟ್ಟ. ಆನೆ ಕದಲಲಿಲ್ಲ. ಇನ್ನೊಮ್ಮೆ ಒತ್ತಿದ. ಪರದೆ ಕಲ್ಲಾಗಿ ಕೂತಿತ್ತು. ಅದು ಕಣ್ಣು ಬಿಡುವ ಹೊತ್ತಿಗೆ ಗಡಿಯಾರ ಸೊನ್ನೆ ಮುಟ್ಟಿತ್ತು.

"ಏನ್ಲಾ ಕುಪ್ಪು, ನಿದ್ದೆ ಒಡೀತಿದ್ಯಾ? ಟೈಮೇ ಓಯ್ತಲ್ಲಾ," ಎಂದ ರಾಮಚಂದ್ರಪ್ಪ.

"ನಾನಲ್ಲ ಕಣೋ, ಇದು. ನೋಡು, ಆನೆ ಇಲ್ಲಿಗೆ ಬಂದ್ರೆ ನೀನು ಸತ್ತೆ."

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ." ಮೈಸೂರು ಮೈನ್ಸ್ ಬೆಂಚೆಲ್ಲ ನಕ್ಕಿತು.

ಕೋರಮಂಡಲ್ ತಂಡವನ್ನು ನೋಡಿಕೊಳ್ಳುವವನು ವೇಣು, ಬೀದಿ ಕೊನೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು. ಅವನು ನಗಲಿಲ್ಲ. ಗ್ಲಾಸು ಕೆಳಗಿಟ್ಟು ಮೆಲ್ಲಗೆ ಹೇಳಿದ: "ಮಾಮಾ, ಬೇಜಾರ್ ಮಾಡ್ಕೋಬೇಡಿ. ಇದು ಮೂರ್ನೇ ಸಲ. ಬರೋ ಶನಿವಾರ ಈ ವರ್ಷದ ಕೊನೇ ಪಂದ್ಯ. ಹೊಸ ಫೋನ್ ತಂದ್ರೆ ಮೊದಲ್ನೇ ಬೋರ್ಡು ನಿಮ್ದೇ. ಇಲ್ಲಾಂದ್ರೆ ಸುಧಾಕರ್ ಕೂತ್ಕೊಳ್ಲಿ. ನೀವು ಪಕ್ಕದಲ್ಲಿದ್ದು ಅವನಿಗೆ ಧೈರ್ಯ ಕೊಡಿ."

ತಂಡದ ಕಿರಿಯ ಸುಧಾಕರ್ ಒಳ್ಳೆಯ ಹುಡುಗ. ಅವನ ಫೋನೂ ಒಳ್ಳೆಯದು. ಕುಪ್ಪುಸ್ವಾಮಿ ಟೀ ಕುಡಿಯದೆ ಎದ್ದುಬಂದ.

ಮಗಳು ಸೆಲ್ವಿ ಬಂಗಾರಪೇಟೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುತ್ತಾಳೆ. ಗಂಡ ಲಾರಿಯ ಮೇಲೆ ಊರೂರು ತಿರುಗುವವನಾದ್ದರಿಂದ ಕೈಗೂಸಿನೊಡನೆ ಅಪ್ಪನ ಮನೆಯಲ್ಲೇ ಇದ್ದಾಳೆ. ಸುದ್ದಿ ಕುಪ್ಪುಸ್ವಾಮಿಗಿಂತ ಮೊದಲೇ ಮನೆ ಸೇರಿತ್ತು.

"ಓಗ್ಲಿ ಬಿಡು ನೈನಾ. ಭಾನುವಾರ ಓಗಿ ಒಂದು ಹೊಸದು ತರಾಣ. ಸುಮ್ನೆ ಇದಕ್ಯಾಕೆ ಮುಖ ಊದಿಸ್ಕೊಂಡಿದ್ದೀಯ?" ಅಪ್ಪನನ್ನು ಅವಳು ನೈನಾ ಎಂದೇ ಕರೆಯುವುದು.

"ಬೇಡ."

"ನಿಂಗೇನು ಆ ಫೋನ್ ಮೇಲೆ ಅಷ್ಟೊಂದು ಮೋಹ? ಮೂಲೆ ಒಡ್ದೋಗಿದೆ. ಹಿಂದುಗಡೆ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು. ನೋಡ್ದೋರು ನನ್ನ ಉಗೀತಾರೆ."

"ಮೋಹ ಅಲ್ಲ ಕಣಮ್ಮ. ಇದು ಕೆಟ್ಟಿಲ್ಲ. ಮಾತು ಕೇಳಿಸ್ತದೆ, ಚಾರ್ಜು ನಿಲ್ತದೆ. ಫೋನೊಳಗಿನ ಆಟ ವರ್ಷಾ ವರ್ಷಾ ದಪ್ಪ ಆಗಿದೆ, ಇದು ತೆಳ್ಳಗೇ ಉಳ್ದಿದೆ. ಅಷ್ಟೇ."

"ಅದನ್ನೇ ಹಳೇದು ಅನ್ನೋದು."

ಕುಪ್ಪುಸ್ವಾಮಿ ತಲೆಯೆತ್ತಿದ. "ಓಡೋ ಮೆಷೀನಿಗೆ ಹಳೇದು ಅಂತ ಹೆಸ್ರಿಟ್ಟು ಮುಚ್ಚೋದನ್ನ ನಾನು ಒಂದ್ಸಲ ನೋಡೀನಿ. ಇನ್ನೊಂದ್ಸಲ ನನ್ನ ಕೈಲಿ ಮಾಡಿಸ್ಬೇಡ."

ಸೆಲ್ವಿಯ ಕಣ್ಣು ಅಪ್ಪನ ಅಂಗೈಗೆ ಹೋಯಿತು. ಗಣಿ ನಿಂತಾಗ ಅವಳು ಇನ್ನೂ ಶಾಲೆಯ ಹುಡುಗಿ. ಅಂದು ಅಪ್ಪ ಎಂದಿನಂತೆ ಡ್ಯೂಟಿಗೆ ಹೋಗಿದ್ದ. ಕೊನೆಯ ಪಾಳಿಯವರನ್ನು ಮೇಲೆ ತಂದಿದ್ದ. ಎಂಜಿನ್ನಿನಲ್ಲಿ ಒಂದು ನಟ್ಟೂ ಸಡಿಲವಿರಲಿಲ್ಲ, ಬೆಳಿಗ್ಗೆಯಷ್ಟೇ ಎಣ್ಣೆ ಕುಡಿದಿತ್ತು. ಬ್ರೇಕು ಹಾಕಿ ಬಾ ಎಂದರು, ಹಾಕಿ ಬಂದ. ಮನೆಗೆ ಬಂದವನು ಅಂಗೈಯ ಗ್ರೀಸು ತೊಳೆದುಕೊಳ್ಳದೆ ಹಾಗೇ ಊಟಕ್ಕೆ ಕೂತಿದ್ದ, ಅಮ್ಮ ಬೈಯಲಿಲ್ಲ. ಅದೊಂದು ಅವಳಿಗೆ ಚೆನ್ನಾಗಿ ನೆನಪಿದೆ.

ಸೋಮವಾರ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಕುಪ್ಪುಸ್ವಾಮಿ ಮಗಳ ಜೊತೆಗೇ ಬಂಗಾರಪೇಟೆಗೆ ಹೊರಟ. ಸ್ಟೇಷನ್ ರಸ್ತೆಯಲ್ಲಿ ಶಶಿರೇಖಳ ಮೊಬೈಲ್ ರಿಪೇರಿ ಅಂಗಡಿ. ಬಾಗಿಲಷ್ಟೇ ಅಗಲ, ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಆಕೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಕೇಳಿದಳು: "ಏನಾಗಿದೆ ತಾತಾ?"

"ಏನೂ ಆಗಿಲ್ಲಮ್ಮ. ಇನ್ನೂ ಜೋರಾಗಿ ಓಡ್ಬೇಕು."

ಶಶಿರೇಖ ಭೂತಗನ್ನಡಿ ತೆಗೆದಳು. ಫೋನನ್ನು ತಿರುಗಿಸಿ ನೋಡಿ, ರಬ್ಬರ್ ಬ್ಯಾಂಡನ್ನು ಮೀಟಿ ನಕ್ಕಳು. "ಇದನ್ನಾ? ಇದಕ್ಕೆ ಪಿಂಚಣಿ ಕೊಟ್ಟು ಕಳಿಸಿ ತಾತಾ."

"ನಂಗೇ ಯಾರೂ ಸರಿಯಾಗಿ ಕೊಡ್ಲಿಲ್ಲ, ಇದಕ್ಕೆಲ್ಲಿಂದ ಕೊಡ್ಲಿ? ನಿಜಾ ಏಳು. ಇದರ ಎಂಜಿನ್ನು ಇರೋದೇ ಇಷ್ಟಾ, ಇಲ್ಲಾ ಯಾರಾದ್ರೂ ಹಿಡಿದು ನಿಲ್ಸಿದ್ದಾರಾ?"

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಗಿರಾಕಿಗಳು ಕೇಳುವ ಪ್ರಶ್ನೆ ಅದಲ್ಲ. "ಹಿಡಿದು ನಿಲ್ಸಿರ್ತಾರೆ," ಎಂದಳು. "ಒಳಗೆ ಪ್ರೊಸೆಸರ್ ಅಂತಿರ್ತದಲ್ಲ, ಅದಕ್ಕೆ ಇಷ್ಟು ವೇಗ ದಾಟ್ಬೇಡ ಅಂತ ಕಂಪನಿಯೋರು ಕಟ್ಟು ಹಾಕಿರ್ತಾರೆ. ಬಿಸಿ ಆಗ್ಬಾರ್ದು, ಬ್ಯಾಟರಿ ಬೇಗ ಮುಗೀಬಾರ್ದು ಅಂತ. ಆ ಕಟ್ಟು ಬಿಚ್ಚಿ ಸ್ವಲ್ಪ ಮೇಲಕ್ಕೆ ಓಡಿಸಬೌದು. ಓವರ್‌ಕ್ಲಾಕ್ ಅಂತಾರೆ."

"ಬಿಚ್ಚು."

"ಒಸೇಪು ಆಗಿ ತಾತಾ, ಸ್ವಲ್ಪ ತಡೀರಿ, ಅರ್ಜೆಂಟೇನು?" ಶಶಿರೇಖಳಿಗೆ ಅವಸರವಾದಾಗ ತೆಲುಗು ಬರುತ್ತದೆ. "ಎಲ್ಲಾ ಫೋನೂ ತಡ್ಕೊಳಲ್ಲ. ಬಿಚ್ಚೋವಾಗ್ಲೇ ಸತ್ತೋಗ್ಬೌದು. ಬದುಕಿದ್ರೂ ಒಳಗಿರೋದೆಲ್ಲ ಅಳಿಸ್ಕೊಂಡೋಗ್ತದೆ, ಫೋಟೋ, ನಂಬರು ಎಲ್ಲಾ ಮೊದ್ಲೇ ತೆಗೆದಿಡ್ಬೇಕು. ನಾನು ಕಲಿಯೋವಾಗ ಒಂದೆರಡನ್ನ ಕೊಂದೀನಿ, ಸುಳ್ಳು ಏಳಲ್ಲ."

"ಕೊಂದಿದ್ದೀನಿ ಅನ್ನೋಳ ಕೈಲೇ ಕೊಡ್ಬೇಕು. ಇಲ್ಲೀವರ್ಗೂ ಏನೂ ಆಗಿಲ್ಲ ಅನ್ನೋನನ್ನ ನಾವು ಎಂಜಿನ್ ಹತ್ರ ಬಿಟ್ಕೊಳ್ತಿರ್ಲಿಲ್ಲ."

ಹೊಗಳಿಕೆಯೋ ಚುಚ್ಚೋ ಎಂದು ತಿಳಿಯದೆ ಅವಳು ಫೋನನ್ನು ಡ್ರಾಯರಿಗೆ ಹಾಕಿಕೊಂಡಳು.

ಮಾರನೆಯ ದಿನ ಸೆಲ್ವಿ ಕೆಲಸ ಮುಗಿಸಿ ಬರುವಾಗ ಫೋನನ್ನು ಹೊತ್ತು ತಂದಳು. ಜೊತೆಗೆ ಶಶಿರೇಖಳ ಎಚ್ಚರಿಕೆಯನ್ನೂ. ಪರದೆಯ ಮೇಲೆ ಹೊಸದೊಂದು ಗುರುತು ಬಂದಿತ್ತು. ಅದನ್ನು ಒತ್ತಿದರೆ ಉದ್ದನೆಯ ಗೆರೆ, ಗೆರೆಯ ಮೇಲೆ ಜಾರುವ ಚುಕ್ಕೆ. ಕಂಪನಿ ಕಟ್ಟಿದ ವೇಗದಿಂದ ಮೇಲಕ್ಕೆ ಕೆಲವು ಮೆಟ್ಟಿಲುಗಳಿವೆ. ಒಂದೊಂದೇ ಹತ್ತಬೇಕು, ಪ್ರತಿ ಮೆಟ್ಟಿಲಲ್ಲೂ ನಿಂತು ನೋಡಬೇಕು. ಫೋನು ಆರಿಸಿ ಹಚ್ಚಿದರೆ ವೇಗ ತಾನಾಗಿ ಹಳೆಯ ಜಾಗಕ್ಕೆ ಇಳಿಯುವಂತೆ ಮಾಡಿದ್ದಾಳೆ. ಅದನ್ನು ಮಾತ್ರ ಮುಟ್ಟಬೇಡಿ ಎಂದಿದ್ದಾಳೆ.

ಕುಪ್ಪುಸ್ವಾಮಿ ಬಾಗಿಲ ಬಳಿ ಬೆಳಕಿಗೆ ಕೂತ. ಚುಕ್ಕೆಯನ್ನು ಒಂದು ಮೆಟ್ಟಿಲು ಜಾರಿಸಿ ಫೋನನ್ನು ಕಿವಿಗೆ ಹಿಡಿದ.

"ಯಾರು ನೈನಾ ಫೋನಲ್ಲಿ?"

"ಯಾರೂ ಇಲ್ಲ. ಓಡೋದು ಕೇಳಿಸ್ತದಾ ಅಂತ."

ಕೇಳಿಸಲಿಲ್ಲ. ಅದೊಂದು ಅವನಿಗೆ ಇಷ್ಟವಾಗಲಿಲ್ಲ. ಸದ್ದು ಮಾಡದ ಎಂಜಿನ್ನು ಏನು ಯೋಚಿಸುತ್ತಿದೆಯೋ ಹೇಳುವುದು ಕಷ್ಟ. ಆದರೆ ಪರದೆ ಚುರುಕಾಗಿತ್ತು. ಬೆರಳು ಮುಟ್ಟುವಷ್ಟರಲ್ಲಿ ಪುಟ ತಿರುಗುತ್ತಿತ್ತು. ಇನ್ನೊಂದು ಮೆಟ್ಟಿಲು ಹತ್ತಿಸಿದ. ಮತ್ತೊಂದು. ಪ್ರತಿ ಸಲವೂ ಫೋನನ್ನು ಸುಮ್ಮನೆ ಮಂಚದ ಮೇಲಿಟ್ಟು, ಒಂದು ಸುತ್ತು ಅಂಗಳಕ್ಕೆ ಹೋಗಿ ಬಂದು, ಹಿಂಬದಿಗೆ ಅಂಗೈಯಿಟ್ಟು ನೋಡಿದ. ತಣ್ಣಗಿತ್ತು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಚುಕ್ಕೆ ಗೆರೆಯ ಕೊನೆ ಮುಟ್ಟಿತು. ಕುಪ್ಪುಸ್ವಾಮಿ ಮೀಸೆಯಡಿ ನಕ್ಕು ಚೆಸ್ ತೆರೆದ.

ಮೊದಲ ನಡೆಗಳು ನೀರಿನ ಹಾಗೆ ಹೋದವು. ಅವನ ಕೈ ಹುಡುಗನ ಕೈಯಾಯಿತು. ಆಟದ ನಡುವೆ ಅಂಗೈಗೆ ಬಿಸಿ ತಾಕಿತು. ಆಮೇಲೆ ಹಿಡಿಯಲಾಗದಷ್ಟು ಬಿಸಿಯಾಯಿತು. ಕಾಯಿಗಳೆಲ್ಲ ಒಮ್ಮೆ ನಡುಗಿ ಪರದೆ ಕಪ್ಪಾಯಿತು. ಒತ್ತಿದರೂ ಎಚ್ಚರವಾಗಲಿಲ್ಲ.

ಸಂಜೆ ಸೆಲ್ವಿ ಬಂದಾಗ ಅಪ್ಪ ಆ ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದ. ತನ್ನ ಫೋನಿನಿಂದ ಶಶಿರೇಖಳಿಗೆ ಕರೆ ಹಚ್ಚಿ ಅವನ ಕಿವಿಗಿಟ್ಟಳು. ಆ ಕಡೆಯಿಂದ ಬಂದ ಬೈಗುಳ ಪಕ್ಕದ ಮನೆಗೂ ಕೇಳಿಸುವಂತಿತ್ತು.

"ತುದೀಗೇ ಹತ್ತಿಸಿಬಿಟ್ರಾ? ನಿಂತು ನಿಂತು ಹತ್ತಿ ಅಂದಿದ್ನಲ್ಲಾ!"

"ನಿಂತೇ ಹತ್ತೀದ್ದು. ಪ್ರತಿ ಮೆಟ್ಲಲ್ಲೂ ಖಾಲಿ ಓಡಿಸ್ದೆ. ತಣ್ಣಗಿತ್ತು."

"ಖಾಲಿ ಓಡ್ಸಿದ್ರೆ ತಣ್ಣಗಿರ್ದೆ ಇನ್ನೇನು? ಕೆಲಸ ಕೊಟ್ಟು ನೋಡ್ಬೇಕು ತಾತಾ. ಈಗ ಬ್ಯಾಟರಿ ಬಿಚ್ಚಿ. ಉಬ್ಬಿದ್ರೆ ಮತ್ತೆ ಹಾಕ್ಬೇಡಿ. ಇಲ್ಲಾಂದ್ರೆ ಚೆನ್ನಾಗಿ ಆರ್ಲಿ, ಆಮೇಲೆ ಹಾಕಿ."

ಕುಪ್ಪುಸ್ವಾಮಿ ಫೋನು ಕೆಳಗಿಟ್ಟ. ಮುಖ ಸಪ್ಪಗಾಗಿತ್ತು, ಬೈಗುಳಕ್ಕಲ್ಲ.

"ಸೆಲ್ವಿ, ದಿನಾ ಬೆಳಿಗ್ಗೆ ಜನ ಹತ್ತೋಕೆ ಮುಂಚೆ ನಾವು ಖಾಲಿ ಕೇಜು ಒಂದ್ಸಲ ಇಳ್ಸಿ ಹತ್ತಿಸ್ತಿದ್ವಿ. ದಾರಿ ಸರಿಯಾಗಿದೆಯಾ ಅಂತ. ಅದು ದಿನದ ಲೆಕ್ಕ. ಹಗ್ಗ ಬದಲಿಸಿದ ದಿನ ಹಂಗಲ್ಲ. ಖಾಲಿ ಒಂದ್ಸಲ, ಆಮೇಲೆ ಕಲ್ಲು ತುಂಬಿ ಒಂದ್ಸಲ. ಆಮೇಲೇ ಜನ." ಅವನು ಹಣೆ ಉಜ್ಜಿಕೊಂಡ. "ಹೊಸ ವೇಗ ಅಂದ್ರೆ ಹೊಸ ಹಗ್ಗ. ನಾನು ದಿನದ ಲೆಕ್ಕ ಹಾಕಿಬಿಟ್ಟೆ. ಕಲ್ಲು ತುಂಬೋದು ಮರೆತೆ. ನಾನು ಮರೆತೆ ನೋಡು!"

"ಓಗ್ಲಿ ನೈನಾ. ಇಲ್ಲಿ ಯಾರೂ ಕೇಜಲ್ಲಿರ್ಲಿಲ್ಲ."

ಅವನು ಅವಳನ್ನೇ ನೋಡಿದ. ಆಮೇಲೆ ಮೆಲ್ಲಗೆ ನಕ್ಕ.

ಬ್ಯಾಟರಿ ಉಬ್ಬಿರಲಿಲ್ಲ. ಆರಿದ ಮೇಲೆ ಹಾಕಿದರೆ ಫೋನು ಹಳೆಯ ವೇಗದಲ್ಲಿ ಕಣ್ಣು ತೆರೆಯಿತು. ಗುರುವಾರದಿಂದ ಕುಪ್ಪುಸ್ವಾಮಿ ಬೇರೆ ಲೆಕ್ಕ ಹಿಡಿದ. ಒಂದು ಮೆಟ್ಟಿಲು, ಒಂದು ಪೂರ್ತಿ ಆಟ, ಅಂಗೈ. ಇನ್ನೊಂದು ಮೆಟ್ಟಿಲು, ಇನ್ನೊಂದು ಆಟ, ಅಂಗೈ. ತುದಿಗಿಂತ ಒಂದು ಮೆಟ್ಟಿಲು ಕೆಳಗೆ ಆಟ ಎಲ್ಲೂ ತಡೆಯಲಿಲ್ಲ. ಆದರೆ ಕೊನೆಯ ನಡೆಗಳ ಹೊತ್ತಿಗೆ ಫೋನು ಇನ್ನೂ ಕಾವಲಿಯಾಗುತ್ತಿತ್ತು. ಇನ್ನೂ ಕೆಳಗಿಳಿಸಿದರೆ ಮತ್ತೆ ಹಳೆಯ ತೊದಲು.

ಸೆಲ್ವಿ ಮಗುವಿಗೆ ಹಾಲು ಆರಿಸುತ್ತಿದ್ದಳು. ಹಾಲಿನ ಲೋಟವನ್ನು ತಣ್ಣೀರಿನ ಬಟ್ಟಲಲ್ಲಿಟ್ಟು ತಿರುಗಿಸುತ್ತ ಅಪ್ಪನ ಕಡೆ ನೋಡಿದಳು. ಹೊಸ ಫೋನಿನ ಮಾತನ್ನು ಅವಳು ಎರಡು ದಿನದಿಂದ ಆಡಿರಲಿಲ್ಲ. ಎದ್ದು ಅಟ್ಟದಿಂದ ಸ್ಟೀಲಿನ ಟಿಫನ್ ಡಬ್ಬಿ ಇಳಿಸಿದಳು. ಅಪ್ಪ ಡ್ಯೂಟಿಗೆ ಒಯ್ಯುತ್ತಿದ್ದದ್ದು, ಬಿಗಿ ಮುಚ್ಚಳದ್ದು. ಮಡಕೆಯ ನೀರು ತುಂಬಿ, ಮುಚ್ಚಿ, ಸೆರಗಿನಿಂದ ಒರೆಸಿ, ಅವನ ಮುಂದಿಟ್ಟಳು.

"ಇದರ ಮೇಲಿಟ್ಕೊಂಡು ಆಡು. ಫೋನಿನ ಹಿಂದುಗಡೆ ಮುಚ್ಚಳ ತೆಗೆದು, ಬೆನ್ನು ಡಬ್ಬೀಗೆ ತಾಕೋ ಹಂಗೆ."

ಆಡಿದ. ಆಟ ಮುಗಿದ ಮೇಲೆ ಅಂಗೈಯಿಟ್ಟ. ಬೆಚ್ಚಗಿತ್ತು, ಅಷ್ಟೇ.

ಶನಿವಾರ ಸಂಜೆ ಗಾಳಿ ಜೋರಾಗಿತ್ತು. ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಮಣ್ಣು ತೆಳ್ಳಗೆ ಎದ್ದು ಮಾರಿಯಮ್ಮನ ಗ್ಲಾಸುಗಳ ಮೇಲೆ ಕೂರುತ್ತಿತ್ತು. ಕುಪ್ಪುಸ್ವಾಮಿ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಡಬ್ಬಿ ಹಿಡಿದು ಬಂದು, ಸುಧಾಕರ್ ಕೂತಿದ್ದ ಜಾಗದ ಮುಂದೆ ನಿಂತ. ಸುಧಾಕರ್ ವೇಣುವಿನ ಮುಖ ನೋಡಿದ.

"ಮಾಮಾ, ಹೊಸಾ ಫೋನು..." ವೇಣು ಶುರುಮಾಡಿದ.

"ಹೊಸಾದಲ್ಲ. ಇದೇ. ಓಡ್ತದೆ."

"ಊಟ ಕಟ್ಕೊಂಡ್ ಬಂದವ್ನೆ ಕಣ್ರಲಾ," ಎಂದ ರಾಮಚಂದ್ರಪ್ಪ. "ಏನ್ಲಾ ಕುಪ್ಪು, ಸೋಲೋಕೆ ರಾತ್ರಿಯೆಲ್ಲಾ ಬೇಕಾ?"

"ನಿನ್ನ ಆಟ ನೋಡಿ ಯಾರಿಗಾದ್ರೂ ಹಸಿವಾಗ್ತದೇನೋ?"

ಕುಪ್ಪುಸ್ವಾಮಿ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ರಬ್ಬರ್ ಬ್ಯಾಂಡು ಬಿಚ್ಚಿ, ಫೋನಿನ ಹಿಂದಿನ ಮುಚ್ಚಳ ತೆಗೆದು, ಅದನ್ನು ಡಬ್ಬಿಯ ಮೇಲೆ ಮಲಗಿಸಿದ. ಮಾಡಿದ್ದನ್ನು ಮುಚ್ಚಿಡದೆ ಹೇಳಿದ. ಕೇಳುತ್ತಿದ್ದಂತೆ ಮೈಸೂರು ಮೈನ್ಸ್ ಬೆಂಚಿನಿಂದ ಒಬ್ಬ ಎದ್ದ. ಮೆಷೀನು ತಿದ್ದಿಸಿಕೊಂಡು ಬಂದು ಆಡುವುದು ಮೋಸ ಎಂದ. ಇನ್ನೊಬ್ಬ ಹೌದೆಂದ. ವೇಣುವಿಗೂ ಅನುಮಾನ ಹತ್ತಿತು. "ಮಾಮಾ, ಇದು ಸರಿ ಓಗಲ್ಲ. ಕಂಪನಿ ಕಟ್ಟಿದ್ದನ್ನ ನಾವು ಬಿಚ್ಚಬೌದಾ?"

"ಯಾಕೆ ಬಿಚ್ಚಬಾರ್ದು?" ಕುಪ್ಪುಸ್ವಾಮಿಯ ದನಿ ಏರಲಿಲ್ಲ. "ಫೋನು ನಂದು. ಸತ್ರೆ ನನ್ನ ಕೈಲಿ ಸಾಯ್ತಿತ್ತು, ನಿಮ್ಮನ್ನ ಯಾರನ್ನೂ ಕೇಳ್ತಿರ್ಲಿಲ್ಲ. ಇದು ನಂಗೆ ನಡೆ ಏಳ್ಕೊಡಲ್ಲ. ನಿಮ್ಮ ಫೋನು ಓಡೋಷ್ಟು ಓಡ್ತದೆ, ಒಂದು ಕೂದ್ಲು ಜಾಸ್ತಿ ಇಲ್ಲ. ಅಂಗಡೀಲಿ ವೇಗ ತಂದೋನು ಸಾಚಾ, ಮನೇಲಿ ಮಾಡ್ಕೊಂಡೋನು ಕಳ್ಳ. ಯಾವೂರ ನ್ಯಾಯ ಅದು?"

ಮಾರಿಯಮ್ಮ ಸೌಟಿನಿಂದ ಪಾತ್ರೆ ಬಡಿದಳು. "ಆಡೋದಾದ್ರೆ ಆಡಿ, ಇಲ್ಲಾ ಬೆಂಚು ಖಾಲಿ ಮಾಡಿ. ಟೀ ಮೇಲೆ ಮಣ್ಣು ಕೂರ್ತಾ ಅದೆ."

"ಆಡ್ಲಿ ಬಿಡ್ರಲಾ," ಎಂದ ರಾಮಚಂದ್ರಪ್ಪ, ತನ್ನ ಕಡೆಯವರಿಗೆ. "ಓದ ವಾರ ನಾನು ಗೆದ್ದಿದ್ದು ನಂಗೇ ರುಚಿಸ್ಲಿಲ್ಲ. ಗಡಿಯಾರ ಗೆಲ್ಲಿಸ್ಕೊಟ್ಟ ಆಟ ಅದು. ಸುಧಾಕರಾ, ಎದ್ದೇಳಪ್ಪಾ."

ಸುಧಾಕರ್ ಸಂತೋಷದಿಂದಲೇ ಎದ್ದ.

ಆಟ ಶುರುವಾಯಿತು. ಕುಪ್ಪುಸ್ವಾಮಿ ಬೆರಳಿಟ್ಟಲ್ಲಿಗೆ ಕಾಯಿ ಹೋಯಿತು. ಎಡಗೈ ಡಬ್ಬಿಯ ಮೈಮೇಲಿತ್ತು. ಕಣ್ಣು ಪರದೆಯ ಮೇಲೆ. ನಡು ಆಟದಲ್ಲಿ ನೀರು ಬೆಚ್ಚಗಾದದ್ದು ಸ್ಟೀಲಿನ ಮೂಲಕ ತಿಳಿಯಿತು. ಲಿವರ್ ಹಿಡಿದ ಕೈ ಅದು, ಎಷ್ಟು ಬೆಚ್ಚಗಾದರೆ ಭಯಪಡಬೇಕೆಂದು ಈಗ ಬಲ್ಲದು. ಇನ್ನೂ ದೂರವಿತ್ತು. ಎರಡೂ ಬೆಂಚುಗಳು ತಮ್ಮ ತಮ್ಮ ಆಟ ಮುಗಿಸಿ ಸುತ್ತ ನೆರೆದವು. ಕುಪ್ಪುಸ್ವಾಮಿ ಕುದುರೆಯನ್ನು ಹಾರಿಸಿದ. ಹಾರಿಸಿದ ಕ್ಷಣವೇ ತಪ್ಪು ಕಂಡಿತು. ರಾಮಚಂದ್ರಪ್ಪನಿಗೂ ಕಂಡಿತು. ಅವನ ಆನೆ ತೆರೆದ ದಾರಿಯಲ್ಲಿ ನೇರ ಇಳಿದು ಬಂತು.

ಆಮೇಲಿನದು ಬೇಗ ಮುಗಿಯಿತು. ಕುಪ್ಪುಸ್ವಾಮಿಯ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ಪರದೆಯ ಮೇಲೆ ಸೋಲಿನ ಅಕ್ಷರಗಳು ಮೂಡಿದವು. ಅವುಗಳ ಪಕ್ಕದಲ್ಲಿ ಅವನ ಗಡಿಯಾರ, ಅದರಲ್ಲಿ ಇನ್ನೂ ಹೊತ್ತು ಉಳಿದಿತ್ತು.

ಕುಪ್ಪುಸ್ವಾಮಿ ಆ ಉಳಿದ ಹೊತ್ತನ್ನು ನೋಡಿದ. ಆಮೇಲೆ ಜೋರಾಗಿ ನಕ್ಕ. ಸೋತವರ ನಗೆಯಲ್ಲ ಅದು. ಸುತ್ತ ನಿಂತವರಿಗೆ ಮೊದಲು ಅರ್ಥವಾಗಲಿಲ್ಲ.

"ಏನ್ ಮಾಮಾ, ಸೋತು ನಗ್ತೀರಾ?" ವೇಣುವಿನ ದನಿಯಲ್ಲಿ ಕಹಿಯಿತ್ತು.

"ನಾನು ಸೋತೆ ವೇಣು. ಫೋನು ಸೋಲ್ಲಿಲ್ಲ. ಬೆರಳು ಇಟ್ಟ ಕಡೆ ಕುದುರೆ ಓಯ್ತು. ಇಡಬಾರ್ದ ಕಡೆ ಇಟ್ಟಿದ್ದು ನಾನು. ನನ್ನ ಆಟಕ್ಕೆ ನನ್ನ ಇಳಿಸ್ತೀನಿ ಅನ್ನು, ಇಳೀತೀನಿ. ಸುಧಾಕರ್ ನನ್ನ ಎದುರು ಕೂತು ಸೋಲಿಸಿ ಆ ಜಾಗ ತಕೊಳ್ಲಿ, ಎದ್ದು ನಿಂತು ಕೊಡ್ತೀನಿ. ಹಳೇ ಫೋನು ಅಂತ ಇಳಿಸ್ತೀನಿ ಅನ್ಬೇಡ. ಅದಕ್ಕೆ ಈ ಜಾಗ ಬಿಟ್ಟು ಏಳಲ್ಲ."

ವೇಣು ಸುಧಾಕರ್ ಕಡೆ ತಿರುಗಿದ. ಸುಧಾಕರ್ ತಲೆ ತಗ್ಗಿಸಿ ಹೇಳಿದ: "ನಾನಿನ್ನೂ ಇವ್ರ ಹತ್ರ ಒಂದು ಆಟಾನೂ ಗೆದ್ದಿಲ್ಲ ಅಣ್ಣಾ."

"ಹಂಗಾದ್ರೆ ಗೆಲ್ಲೋವರ್ಗೂ ನಾನೇ," ಎಂದ ಕುಪ್ಪುಸ್ವಾಮಿ. ಮೊಣಕಾಲಿಗೆ ಕೈಯೂರಿ ಎದ್ದ. ಫೋನಿಗೆ ಮುಚ್ಚಳ ಹಾಕಿ, ರಬ್ಬರ್ ಬ್ಯಾಂಡು ಸುತ್ತಿ ಜೇಬಿಗಿಳಿಸಿದ. ಡಬ್ಬಿಯ ನೀರನ್ನು ಮಾರಿಯಮ್ಮನ ತುಳಸಿ ಬುಡಕ್ಕೆ ಸುರಿದ.

"ಎಲ್ಲಿಗ್ಲಾ ಹೊಂಟೆ? ಗೆದ್ದೋನ ಟೀ ಕುಡ್ದು ಓಗು," ರಾಮಚಂದ್ರಪ್ಪ ಹಿಂದಿನಿಂದ ಕೂಗಿದ.

"ನಿನ್ನ ಟೀ ನೀನೇ ಕುಡಿ. ಆ ಕುದುರೆ ಅಲ್ಲಿಗಿಡ್ಬಾರ್ದಿತ್ತು ಕಣೋ. ಆನೆ ದಾರಿ ಮೊದ್ಲು ಮುಚ್ಬೇಕಿತ್ತು. ಬರೋ ಶನಿವಾರ ಲೆಕ್ಕದ ಪಂದ್ಯ ಇಲ್ದಿದ್ರೂ ಬಾ, ಇದೇ ಬೆಂಚು, ಇದೇ ಫೋನು," ಎನ್ನುತ್ತ ಅವನು ತಿರುಗದೆ ನಡೆದ. ಶಾಫ್ಟಿನ ಕಡೆಯಿಂದ ಗಾಳಿ ಬಂತು. ಶೆಡ್ಡಿನ ತಗಡು ಒಂದೇ ಒಂದು ಪೆಟ್ಟು ಬಡಿಯಿತು. ಕುಪ್ಪುಸ್ವಾಮಿ ಕೇಳಿಸಿಕೊಂಡ, ನಿಲ್ಲಲಿಲ್ಲ. ಖಾಲಿ ಡಬ್ಬಿ ತೊಡೆಗೆ ತಾಕಿ ಸದ್ದು ಮಾಡುತ್ತಿತ್ತು. "ಮೊದ್ಲು ಸಿಪಾಯಿನ ಒಂದು ಮನೆ ಮುಂದಕ್ಕೆ ತಳ್ಳಿ, ಆಮೇಲೆ ಕುದುರೆನ ಇತ್ಲಾಗೆ ತಂದು, ನಿನ್ನ ಆನೆ ಬರೋಷ್ಟರಲ್ಲಿ ನಾನು ದಾರಿ ಮುಚ್ಚಿರ್ತಿದ್ದೆ..." ಅವನ ದನಿ ಗಾಳಿಯಲ್ಲಿ ದೂರವಾಯಿತು.